ಕೆಣಕುವ ಚಿತ್ರ, ಕೆರಳುವ ಮನಸ್ಸು

ವ್ಯಂಗ್ಯಚಿತ್ರವನ್ನು ಕಂಡು ನಗದವರು ವಿರಳ. ಆದರೆ ಆ ಚಿತ್ರದಲ್ಲಿ ನಗೆಗೀಡಾದವರು ನೆರೆಮನೆಯವರೇ ಆಗಿರಬೇಕೆಂಬ ಕರಾರೊಂದನ್ನು ನಾವೆಲ್ಲರೂ ಮನಸ್ಸಿನೊಳಗೇ ಬರೆದಿಟ್ಟುಕೊಂಡಿರುತ್ತೇವೆ. ಚಿತ್ರಕಾರನು ಆ ಕರಾರನ್ನು ಮುರಿದು ನಮ್ಮ ಅಂಗಳಕ್ಕೇ ಕಾಲಿಟ್ಟನೆಂದರೆ, ಅಲ್ಲಿಯವರೆಗೆ ಅವನ ರಸಿಕರಾಗಿದ್ದ ನಾವು ಅವನ ನ್ಯಾಯಾಧೀಶರಾಗಿಬಿಡುತ್ತೇವೆ. ಈಗಂತೂ ಅಂಥ ಚಿತ್ರಗಳು ಪತ್ರಿಕೆಯ ಮೂಲೆಯಲ್ಲಿ ಕುಳಿತು ನಮಗಾಗಿ ಕಾಯುವುದಿಲ್ಲ. ಬೆಳಗಿನ ಲಿಂಗಪೂಜೆ ಮುಗಿಸಿ ಎದ್ದು ಮೊಬೈಲನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ತಾವಾಗಿಯೇ ಬಂದು ನಿಂತಿರುತ್ತವೆ. ಬಂಧುಗಳು ಕಳುಹಿಸಿದ ವಚನ, ಶುಭೋದಯದ ಹೂವು, ಯಾವುದೋ ಕಷಾಯದ ಮಹಿಮೆ, ಇವುಗಳ ನಡುವೆ ನಾಲ್ಕು ಚೌಕಗಳ ಒಂದು ಕುಚೋದ್ಯದ ಚಿತ್ರಕಥೆ! ಅದನ್ನು ನೋಡಿದವರು ಹೇಗೆ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ತೀರ ಹತ್ತಿರದಿಂದ ಕಾಣುವ ಪ್ರಸಂಗ ನಮ್ಮ ಮನೆತನಕ್ಕೇ ಒದಗಿದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕೆನಿಸಿತು.

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. ಅವರ ಕಟ್ಟಿಗೆಯ ಪೆಟ್ಟಿಗೆಯಲ್ಲಿ ವಿಭೂತಿ ಗಟ್ಟಿ, ಪಂಚಾಂಗ, ಹೊಲದ ಕಾಗದಪತ್ರಗಳ ಜೊತೆಗೆ 'ಕೊರವಂಜಿ'ಯ ಹಳೆಯ ಸಂಚಿಕೆಗಳೂ ಇದ್ದವು. 'ರಾಶಿ' ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ಆ ಹಾಸ್ಯ ಮಾಸಿಕವು ಎಷ್ಟೋ ಮನೆಗಳಿಗೆ ಸಭ್ಯವಾದ ನಗೆಯನ್ನು ಕಲಿಸಿತು. ಮೈಸೂರಿನ ಆರ್.ಕೆ. ಲಕ್ಷ್ಮಣರು ಎಳೆಯ ವಯಸ್ಸಿನಲ್ಲಿ ಅದಕ್ಕಾಗಿ ಚಿತ್ರ ಬರೆದವರು. ಮುಂದೆ ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ 1951ರಿಂದ ಅವರು ದಿನವೂ ಬರೆದ ಪುಟ್ಟ ಚೌಕದ ಚಿತ್ರ ಮತ್ತು ಅದರಲ್ಲಿ ಮಾತನಾಡದೆ ನಿಂತಿರುತ್ತಿದ್ದ ಚೌಕಳಿ ಅಂಗಿಯ ಶ್ರೀಸಾಮಾನ್ಯ ಯಾರಿಗೆ ತಿಳಿಯದು?

ಅಂದಿನ ಓದಿನಲ್ಲಿ ಒಂದು ವ್ಯವಸ್ಥೆಯಿತ್ತು. ಪತ್ರಿಕೆ ಒಂದೇ. ಮೊದಲು ಹಿರಿಯರು ನೋಡಬೇಕು, ಅವರು ನಕ್ಕರೆ ಉಳಿದವರೂ ನಗಬಹುದು. ಸಿಟ್ಟು ಬಂದರೆ ಅಂಚೆಕಾರ್ಡು ಹುಡುಕಬೇಕು, ಮಸಿ ನೋಡಬೇಕು, ಸಂಪಾದಕರ ವಿಳಾಸ ಬರೆಯಬೇಕು, ಪೆಟ್ಟಿಗೆಗೆ ಹಾಕಲು ಅಗಸಿಯವರೆಗೆ ನಡೆಯಬೇಕು. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಉಳಿದರ್ಧದಲ್ಲಿ ಒಂದು ಒಳ್ಳೆಯ ಪತ್ರ ಸಿದ್ಧವಾಗುತ್ತಿತ್ತು. ಈಗ ಸಿಟ್ಟಿಗೂ ಹೆಬ್ಬೆರಳಿಗೂ ನಡುವೆ ಅಗಸಿಯಷ್ಟು ದೂರವೂ ಇಲ್ಲ.

ಹಾಗೆಂದು ಹಿಂದಿನವರೆಲ್ಲ ಸಹನಶೀಲರು, ಇಂದಿನವರೆಲ್ಲ ಮುಂಗೋಪಿಗಳು ಎಂದು ಹೇಳಹೊರಟರೆ ಅದು ಸುಳ್ಳಾದೀತು. ತಮಿಳಿನ 'ಆನಂದ ವಿಕಟನ್' ಪತ್ರಿಕೆ 1987ರಲ್ಲಿ ಶಾಸಕರನ್ನೂ ಮಂತ್ರಿಗಳನ್ನೂ ಕುರಿತ ನಗೆಚಿತ್ರವೊಂದನ್ನು ಮುಖಪುಟದಲ್ಲಿ ಅಚ್ಚುಮಾಡಿದಾಗ, ಅಲ್ಲಿಯ ವಿಧಾನಸಭೆಯು ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರಿಗೆ ಮೂರು ತಿಂಗಳ ಸೆರೆಮನೆ ವಾಸವನ್ನೇ ವಿಧಿಸಿತ್ತು. ಪತ್ರಕರ್ತರೆಲ್ಲ ಪ್ರತಿಭಟಿಸಿದ್ದರಿಂದ ಕೆಲವೇ ದಿನಗಳಲ್ಲಿ ಬಿಡುಗಡೆಯಾಯಿತು. ಅದೇ ವಿಕಟನ್ ಬಳಗದ ಜಾಲತಾಣವು 2025ರ ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ತೆರೆಯದಾಯಿತು. ಅಮೆರಿಕವು ನಮ್ಮ ದೇಶದ ವಲಸಿಗರಿಗೆ ಕೋಳ ತೊಡಿಸಿ ಗಡೀಪಾರು ಮಾಡಿದ ಸಂದರ್ಭದಲ್ಲಿ, ಅಲ್ಲಿಯ ಅಧ್ಯಕ್ಷರ ಪಕ್ಕದಲ್ಲಿ ನಮ್ಮ ಪ್ರಧಾನಿಯವರು ಸಂಕೋಲೆಯೊಡನೆ ಕುಳಿತಂತೆ ತೋರಿಸಿದ್ದ ಚಿತ್ರವೊಂದು ಅವರ ಅಂತರ್ಜಾಲ ಪತ್ರಿಕೆಯಲ್ಲಿ ಬಂದಿತ್ತು. ಆ ಪುಟವನ್ನು ಸದ್ಯಕ್ಕೆ ತೆಗೆದರೆ ಜಾಲತಾಣವನ್ನು ತೆರೆಯಬಹುದೆಂದು ಮಾರ್ಚ್ ತಿಂಗಳಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಆದೇಶಿಸಿತು. ಒಂದು ಚಿತ್ರಕ್ಕಾಗಿ ಇಡೀ ಅಂಗಡಿಗೆ ಬೀಗ ಹಾಕಿದಂತಾಯಿತು. ಸೋಜಿಗವೆಂದರೆ, ಆ ಬೀಗ ಬಿದ್ದ ವಾರದಲ್ಲಿಯೇ ಆ ಚಿತ್ರ ನನ್ನ ಮೊಬೈಲಿಗೆ ಮೂರು ಕಡೆಯಿಂದ ಬಂದಿತು. ಕಳುಹಿಸಿದ ಮೂವರಿಗೂ ತಮಿಳಿನ ಒಂದಕ್ಷರವೂ ಬಾರದು.

ಇದಕ್ಕಿಂತ ಹೆಚ್ಚು ವಿಚಾರಕ್ಕೆ ಹಚ್ಚುವ ಪ್ರಸಂಗ ಶಂಕರ್ ಅವರ ಚಿತ್ರದ್ದು. 'ಶಂಕರ್ಸ್ ವೀಕ್ಲಿ' 1948ರಲ್ಲಿ ಹುಟ್ಟಿ 1975ರಲ್ಲಿ ನಿಂತ ಪತ್ರಿಕೆ. ಅದರ ಮೊದಲ ಸಂಚಿಕೆಯನ್ನು ಬಿಡುಗಡೆ ಮಾಡಿದವರು ಪಂಡಿತ ನೆಹರೂ. ಅದರ ಪುಟಗಳಲ್ಲಿ ಅತಿ ಹೆಚ್ಚು ಪೆಟ್ಟು ತಿಂದವರಲ್ಲಿಯೂ ಅವರೇ ಒಬ್ಬರು. ಸಂವಿಧಾನ ರಚನೆ ತಡವಾಗುತ್ತಿದೆಯೆಂಬ ಮಾತು ಕೇಳಿಬರುತ್ತಿದ್ದ 1949ರಲ್ಲಿ ಶಂಕರ್ ಒಂದು ಚಿತ್ರ ಬರೆದರು. ಸಂವಿಧಾನವೇ ಬಸವನಹುಳು. ಅದರ ಮೇಲೆ ಡಾ. ಅಂಬೇಡ್ಕರರು ಚಾವಟಿ ಹಿಡಿದು ಕುಳಿತಿದ್ದಾರೆ. ಹಿಂದೆ ನೆಹರೂ ಅವರೂ ಚಾವಟಿ ಎತ್ತಿದ್ದಾರೆ. ಜನ ನಿಂತು ನೋಡುತ್ತಿದ್ದಾರೆ. ಆ ಚಿತ್ರ 2006ರಲ್ಲಿ ಎನ್.ಸಿ.ಇ.ಆರ್.ಟಿ.ಯ 11ನೆಯ ತರಗತಿಯ ರಾಜ್ಯಶಾಸ್ತ್ರದ ಪಠ್ಯಪುಸ್ತಕದಲ್ಲಿ ಸೇರಿತು. ಆರು ವರ್ಷ ಯಾವ ಸದ್ದೂ ಇಲ್ಲ. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಕೋಲಾಹಲವೆದ್ದಿತು. ಮಂತ್ರಿಗಳು ಕ್ಷಮೆ ಕೋರಿ ಚಿತ್ರವನ್ನು ಹಿಂತೆಗೆಯುವುದಾಗಿ ಹೇಳಿದರು. ಪುಸ್ತಕದ ಮುಖ್ಯ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ರಾಜೀನಾಮೆಯಿತ್ತರು. ಪುಣೆ ವಿಶ್ವವಿದ್ಯಾಲಯದಲ್ಲಿ ಪಳಶೀಕರರ ಕೊಠಡಿಗೆ ನುಗ್ಗಿ ಧ್ವಂಸ ಮಾಡಿದವರೂ ಉಂಟು.

ಆ ದಿನಗಳಲ್ಲಿ ನಾನು ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಆ ಚಿತ್ರದ ನೆರಳಚ್ಚನ್ನು ಮೇಜಿನ ಮೇಲಿಟ್ಟು ಎರಡು ದಿನ ವಾದ ನಡೆಯಿತು. ನೆಹರೂ ಅವರ ಚಾವಟಿ ಯಾರ ಬೆನ್ನಿನ ಮೇಲೆ ಬೀಳಲಿದೆ? ಹುಳುವಿನ ಮೇಲೋ, ಹುಳುವಿನ ಮೇಲೆ ಕುಳಿತವರ ಮೇಲೋ? ಚಿತ್ರದ ಗೆರೆಗಳನ್ನು ನೋಡಿದರೆ ಎರಡೂ ಆಗಬಹುದು. ಹುಳುವಿನ ಮೇಲೆಯೇ ಎಂದು ನಾವು ಹಲವರು ನಿರಾಯಾಸವಾಗಿ ಹೇಳಿದೆವು. ಒಬ್ಬ ಸಹೋದ್ಯೋಗಿಗಳು ಮಾತ್ರ ಬಹಳ ಹೊತ್ತು ಸುಮ್ಮನಿದ್ದು, "ಚಾವಟಿ ಏಟು ತಿಂದ ಮನೆಯಾಗ ಹುಟ್ಟಿದವರಿಗೆ ಮೊದಲ ಕಾಣೋದು ಬೆನ್ನು, ಸರ್" ಎಂದರು. ಅವರು ಪುಸ್ತಕ ಸುಡಬೇಕೆಂದವರಲ್ಲ, ಚಿತ್ರ ತೆಗೆಯಬೇಕೆಂದೂ ಹೇಳಲಿಲ್ಲ. ಚಿತ್ರವೊಂದೇ ಆದರೂ ನೋಡುವವನು ತನ್ನ ಮನೆತನದ ನೆನಪನ್ನೆಲ್ಲ ಹೊತ್ತು ತಂದು ಅದರೆದುರು ನಿಲ್ಲುತ್ತಾನೆಂಬುದು ಅಂದು ನನಗೆ ಮನವರಿಕೆಯಾಯಿತು. ಆದುದರಿಂದ, 'ಇದು ಬರೀ ತಮಾಷೆ, ಇದಕ್ಕೇಕೆ ಇಷ್ಟು ನೋವು?' ಎಂದು ಕೇಳುವವರನ್ನು ಕಂಡರೆ ನನಗೆ ಅಷ್ಟಾಗಿ ಸರಿಬರುವುದಿಲ್ಲ. ನೋವಾಯಿತೆಂದು ಕೊಠಡಿ ಒಡೆಯುವವರನ್ನು ಕಂಡರಂತೂ ಇನ್ನೂ ಸರಿಬರುವುದಿಲ್ಲ.

ಅಂತರ್ಜಾಲವು ಈ ನೋವು-ನಲಿವುಗಳ ವೇಗವನ್ನು ಹೆಚ್ಚಿಸಿತು. ಅದೇ 2012ರ ಏಪ್ರಿಲಿನಲ್ಲಿ ಕೋಲ್ಕತ್ತೆಯ ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರು ಮುಖ್ಯಮಂತ್ರಿಗಳನ್ನು ಕುರಿತ ಚಿತ್ರಮಾಲೆಯೊಂದನ್ನು ತಮ್ಮ ವಸತಿ ಸಂಘದ ಸದಸ್ಯರಿಗೆ ಈ-ಮೇಲ್ ಮೂಲಕ ಕಳುಹಿಸಿದ್ದಕ್ಕೆ ಬಂಧನಕ್ಕೊಳಗಾದರು. ಸತ್ಯಜಿತ್ ರಾಯ್ ಅವರ 'ಸೋನಾರ್ ಕೆಲ್ಲಾ' ಚಲನಚಿತ್ರದ ಮಾತುಗಳನ್ನು ಬಳಸಿ ಮಾಡಿದ್ದ ಕುಚೋದ್ಯವದು. ಬಂಗಾಳದ ಮಕ್ಕಳೆಲ್ಲ ಬಲ್ಲ ಆ ಸಿನಿಮಾವನ್ನು ತಿಳಿದವರಿಗೆ ನಗೆ, ತಿಳಿಯದವರಿಗೆ ಬೆದರಿಕೆ! ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಆದರೂ ಪ್ರಾಧ್ಯಾಪಕರು ಮೊಕದ್ದಮೆಯಿಂದ ಪಾರಾದದ್ದು 2023ರ ಜನವರಿಯಲ್ಲಿ. ಒಂದು ನಗೆಗೆ ಹತ್ತಿರಹತ್ತಿರ ಹನ್ನೊಂದು ವರ್ಷಗಳ ಅಲೆದಾಟ. ರಾಷ್ಟ್ರಲಾಂಛನದ ಸಿಂಹಗಳ ಸ್ಥಾನದಲ್ಲಿ ತೋಳಗಳನ್ನು ಬರೆದ ಅಸೀಮ್ ತ್ರಿವೇದಿಯವರ ಮೇಲೆ 2012ರಲ್ಲಿಯೇ ರಾಜದ್ರೋಹದ ಆರೋಪ ಬಂದಿತು. ಅದನ್ನು ಮುಂದೆ ಸರ್ಕಾರವೇ ಕೈಬಿಟ್ಟಿತು. ಕಡ್ಡಿಗೊಂಬೆಗಳಂಥ ಆಕೃತಿಗಳಿಂದಲೇ 'ಸ್ಯಾನಿಟರಿ ಪ್ಯಾನೆಲ್ಸ್' ಎಂಬ ಚಿತ್ರಕಥೆಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವ ರಚಿತಾ ತನೇಜಾ ಎಂಬ ಹೆಣ್ಣುಮಗಳಿಗೆ 2020ರ ಡಿಸೆಂಬರಿನಲ್ಲಿ ನ್ಯಾಯಾಂಗ ನಿಂದನೆಯ ನೋಟೀಸು ಜಾರಿಯಾಯಿತು. ನಮ್ಮ ಕುಂದಾಪುರದ ಸತೀಶ್ ಆಚಾರ್ಯರ ಚೀನಾ ಕುರಿತ ಚಿತ್ರವೊಂದನ್ನು 2018ರಲ್ಲಿ ದೆಹಲಿಯ ಪತ್ರಿಕೆಯೊಂದು ಅಚ್ಚುಮಾಡಲೊಪ್ಪದೆ ಅವರ ಅಂಕಣವೇ ನಿಂತುಹೋದಾಗ, ಅವರು ಚಿತ್ರಗಳನ್ನು ಜಾಲತಾಣಗಳಲ್ಲಿ ತಾವೇ ಓದುಗರ ಮುಂದಿಟ್ಟರು. ಸಂಪಾದಕರ ಅಂಕೆ ತಪ್ಪಿತು, ಸಂಪಾದಕರ ರಕ್ಷಣೆಯೂ ತಪ್ಪಿತು. ಇನ್ನು ಬಯ್ಗುಳವೆಲ್ಲ ನೇರವಾಗಿ ಚಿತ್ರಕಾರನ ಮನೆಗೇ.

ನೋಡುಗರ ವಿಚಾರಕ್ಕೆ ಬಂದರೆ ಹಳೆಯ ಅಧ್ಯಯನವೊಂದು ನೆನಪಾಗುತ್ತದೆ. ಅಮೆರಿಕದ ದೂರದರ್ಶನದಲ್ಲಿ 1971ರಲ್ಲಿ 'ಆಲ್ ಇನ್ ದಿ ಫ್ಯಾಮಿಲಿ' ಎಂಬ ಧಾರಾವಾಹಿ ಆರಂಭವಾಯಿತು. ಅದರ ನಾಯಕ ಆರ್ಚಿ ಬಂಕರ್ ವರ್ಣದ್ವೇಷಿ, ಬಾಯಿಬಡುಕ. ಅವನನ್ನು ನಗೆಗೀಡು ಮಾಡುವುದೇ ಬರೆದವರ ಉದ್ದೇಶ. ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೊಕೀಚ್ ಎಂಬ ವಿದ್ವಾಂಸರು 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೇ ಬೇರೆ. ಮನಸ್ಸಿನಲ್ಲಿ ಪೂರ್ವಗ್ರಹ ಹೆಚ್ಚಾಗಿದ್ದವರು ಆರ್ಚಿಯನ್ನೇ ಮೆಚ್ಚಿಕೊಂಡಿದ್ದರು. ಅವನು ಆಡುವುದು ಸರಿಯಾದ ಮಾತೆಂದೇ ತಿಳಿದಿದ್ದರು. ಅಣಕ ಮಾಡಿದವನು ಬಾಣ ಬಿಟ್ಟದ್ದು ಒಂದು ಕಡೆಗೆ, ಅದನ್ನು ಎತ್ತಿಕೊಂಡು ಬತ್ತಳಿಕೆಗೆ ಸೇರಿಸಿಕೊಂಡವರು ಎದುರು ಪಾಳೆಯದವರು. ಐವತ್ತು ವರ್ಷಗಳ ಹಿಂದಿನ ಈ ಸಂಗತಿಯನ್ನು ನಾನು ಪುಸ್ತಕದ ಮಾತೆಂದೇ ತಿಳಿದಿದ್ದೆ, ನಮ್ಮ ಹುಡುಗನ ಚಿತ್ರ ಊರೂರು ಸುತ್ತುವವರೆಗೆ.

ನನ್ನ ನಡುವಿನ ಅಣ್ಣನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಾತ್ರಿ ಹೊತ್ತು ಚಿತ್ರಕಥೆಗಳನ್ನು ಬರೆದು ಇನ್‌ಸ್ಟಾಗ್ರಾಮಿನಲ್ಲಿ ಹಾಕುವ ಹವ್ಯಾಸ. ಬಸ್ಸಿನ ನೂಕುನುಗ್ಗಲು, ಮದುವೆ ಮನೆಯ ಊಟದ ಪಂಕ್ತಿ, ಬಾಡಿಗೆ ಮನೆಯ ಮಾಲೀಕರು, ಇಂಥವೇ ಅವನ ವಸ್ತುಗಳು. ಮನೆಮಂದಿಯೆಲ್ಲ ನೋಡಿ ಮೆಚ್ಚುತ್ತಿದ್ದೆವು. ಕಳೆದ ವರ್ಷ ಅವನು ಬರೆದ ಚಿತ್ರಕಥೆ ಹೀಗಿತ್ತು. ಮೊದಲ ಚೌಕದಲ್ಲಿ ಒಂದು ಪಡಸಾಲೆ, ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರ, ಕೆಳಗೆ ಜಮಖಾನದ ಮೇಲೆ ಹಿರಿಯರು. 'ನಮ್ಮಾಗ ಭೇದ ಅನ್ನೋದ ಇಲ್ಲ ನೋಡ್ರಿ' ಎಂದು ಒಬ್ಬರು ಹೇಳುತ್ತಿದ್ದಾರೆ. ಎರಡನೆಯದರಲ್ಲಿ ಕನ್ಯೆ ಚಹದ ತಟ್ಟೆ ಹಿಡಿದು ಬರುತ್ತಾಳೆ, ಎಲ್ಲರೂ ಸಂತುಷ್ಟರು. ಮೂರನೆಯದರಲ್ಲಿ ಬೀಗರಾಗಬೇಕಾದವರು, 'ಅಂದಂಗ, ನಿಮ್ಮದು ಯಾವ ಒಳಪಂಗಡರಿ?' ಎಂದು ಕೇಳುತ್ತಾರೆ. ನಾಲ್ಕನೆಯ ಚೌಕದಲ್ಲಿ ಮಾತೇ ಇಲ್ಲ. ಜಮಖಾನ ಬರಿದಾಗಿದೆ, ಕುಡಿಯದೆ ಬಿಟ್ಟ ಚಹದ ಕಪ್ಪುಗಳಿವೆ, ಗೋಡೆಯ ಮೇಲಿನ ಚೌಕಟ್ಟಿನೊಳಗೆ ಬಸವಣ್ಣನವರು ಪಡಸಾಲೆಗೆ ಬೆನ್ನು ತಿರುಗಿಸಿ ನಿಂತಿದ್ದಾರೆ.

ನಾಲ್ಕೂ ಚೌಕಗಳನ್ನು ಒಂದರ ಹಿಂದೊಂದು ಸರಿಸಿ ನೋಡುವಂತೆ ಅವನು ಹಾಕಿದ್ದ. ಎರಡನೆಯ ದಿನಕ್ಕೇ ಯಾರೋ ಪುಣ್ಯಾತ್ಮರು ಕೊನೆಯ ಚೌಕವೊಂದನ್ನೇ ಬೇರೆಮಾಡಿ, 'ಅಪ್ಪ ಬಸವಣ್ಣನವರಿಗೆ ಅವಮಾನ' ಎಂಬ ಒಕ್ಕಣೆಯೊಡನೆ ಹರಿಯಬಿಟ್ಟರು. ಮೊದಲ ಮೂರು ಇಲ್ಲದೆ ನಾಲ್ಕನೆಯದನ್ನು ನೋಡಿದವರಿಗೆ ಬೇರೇನು ತೋಚೀತು? ನಮ್ಮ ಮನೆತನದ ವಾಟ್ಸಾಪ್ ಬಳಗಕ್ಕೆ ಅದು ಬಂದಾಗ, ಅದನ್ನು ಬರೆದವನು ನಮ್ಮವನೇ ಎಂದು ಹಲವರಿಗೆ ತಿಳಿದಿರಲಿಲ್ಲ. ಹಿರಿಯ ಅಣ್ಣನವರು ದಿನಕ್ಕೆ ಎರಡು ಹೊತ್ತು ಇಷ್ಟಲಿಂಗ ಪೂಜೆ ಮಾಡುವವರು, ಬಸವ ಜಯಂತಿಯ ಮೆರವಣಿಗೆಯಲ್ಲಿ ಇಳಿವಯಸ್ಸಿನಲ್ಲಿಯೂ ಬರಿಗಾಲಿನಲ್ಲಿ ನಡೆಯುವವರು. ಅವರು ಅಂದು ಮಧ್ಯಾಹ್ನ ಪ್ರಸಾದ ಸ್ವೀಕರಿಸಲಿಲ್ಲ. ಬರೆದವನಾರೆಂದು ಸಂಜೆ ತಿಳಿದಾಗ, "ತಗದ ಹಾಕಂತ ಹೇಳು ಅವಗ. ಇಲ್ಲಾಂದ್ರ ಈ ಮನಿ ಹೊಸ್ತಿಲ ತುಳೀಬ್ಯಾಡ ಅನ್ನು" ಎಂದರು. ಆ ಮಾತನ್ನು ಹುಡುಗನಿಗೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂದಿತು.

ಬೆಂಗಳೂರಿಗೆ ಹೋದಾಗ ಅವನು ತನಗೆ ಬಂದಿದ್ದ ಪ್ರತಿಕ್ರಿಯೆಗಳನ್ನೆಲ್ಲ ತೋರಿಸಿದ. ನೂರಾರು ಇದ್ದವು, ಕುಳಿತು ಓದಿದೆ. ನಕ್ಕವರು ಬಹಳ ಮಂದಿ. ತಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತೆಂದು ಬರೆದ ಹೆಣ್ಣುಮಕ್ಕಳು ಕೆಲವರು. ಬಯ್ದವರು ಅನೇಕರು; ಅವರಲ್ಲಿ ಹುಡುಗನ ತಾಯಿಯವರೆಗೆ ಹೋದವರೂ ಇದ್ದರು. ತಾಯಂದಿರನ್ನು ಹಳಿದು ಬಸವಣ್ಣನವರ ಮಾನ ಕಾಯುವ ಈ ರೀತಿ ಯಾವ ಆಚಾರವೋ ನಾನರಿಯೆ. 'ಬೇರೆಯವರ ಬಗ್ಗೆ ಬರೆಯುವ ಧೈರ್ಯವಿದೆಯೇ?' ಎಂಬ ಪ್ರಶ್ನೆ ಮೇಲಿಂದ ಮೇಲೆ ಬಂದಿತ್ತು. ಇವೆಲ್ಲವನ್ನೂ ಹುಡುಗ ತಕ್ಕಮಟ್ಟಿಗೆ ಸಹಿಸಿದ್ದ. ಅವನನ್ನು ಕಂಗೆಡಿಸಿದ್ದು ಹೊಗಳಿಕೆಯ ಒಂದು ಬಗೆ. ನಮ್ಮ ಸಮಾಜವನ್ನು ಮೊದಲೇ ಕಂಡರಾಗದವರು ಅವನ ಚಿತ್ರವನ್ನು ಎತ್ತಿ ಹಿಡಿದು, 'ಇವರ ಸಮಾನತೆಯೆಲ್ಲ ಇಷ್ಟೇ' ಎಂದು ಕುಣಿದಿದ್ದರು. "ಕಾಕಾ, ಬೈದವರಿಗೆ ಉತ್ತರ ಕೊಡಬಹುದು. ಇವರಿಗೆ ಏನಂತ ಹೇಳ್ಲಿ? ನಾ ಬರದಿದ್ದು ಬಸವಣ್ಣನವರ ಪರವಾಗಿ" ಎಂದು ಅವನೆಂದಾಗ ನನಗೆ ಆರ್ಚಿ ಬಂಕರನ ನೆನಪಾಯಿತು.

ಅವನು ಆಡದೆ ಉಳಿಸಿದ್ದ ಮಾತು ಇನ್ನೊಂದಿತ್ತು. ಅದನ್ನು ಹೇಳಿದವಳು ಅವನ ತಂಗಿ. ಅವಳಿಗೆ ಆಗ ಸಂಬಂಧವೊಂದು ಬಹುಮಟ್ಟಿಗೆ ನಿಶ್ಚಯವಾಗುವ ಹಂತದಲ್ಲಿತ್ತು. ಹುಡುಗ ಇಂಜಿನಿಯರ್, ಒಳ್ಳೆಯ ಮನೆತನ, ಮಠದ ನಡೆದುಕೊಂಡು ಬಂದ ಭಕ್ತರು. ಚಿತ್ರದ ಮೂರನೆಯ ಚೌಕದ ಪ್ರಶ್ನೆ ಕಲ್ಪಿತವಾದದ್ದಲ್ಲ. ಅವರ ಕಡೆಯ ಹಿರಿಯರು ನಮ್ಮ ಪಡಸಾಲೆಯಲ್ಲಿಯೇ ಅದನ್ನು ಕೇಳಿದ್ದರು. ಕೇಳಿ, ಉತ್ತರ ಪಡೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇರ್ಲಿ ಬಿಡ್ರಿ, ಈಗಿನ ಕಾಲದಾಗ ಯಾರ ನೋಡ್ತಾರ' ಎಂದು ದೊಡ್ಡ ಮನಸ್ಸು ತೋರಿದ್ದರು. ಆ 'ಇರ್ಲಿ ಬಿಡ್ರಿ' ಎಂಬ ಉದಾರತೆಯೇ ಅಣ್ಣ-ತಂಗಿಯರಿಗೆ ನಾಟಿತ್ತು. ಚಿತ್ರ ಬರೆದ ರಾತ್ರಿಯೇ ಅವನು ತಂಗಿಗೆ ತೋರಿಸಿ, ಹಾಕಲೇ ಬೇಡವೇ ಎಂದು ಕೇಳಿದ್ದ. "ಹಾಕು" ಎಂದು ಅವಳೇ ಹೇಳಿದ್ದಳು. ಪಡಸಾಲೆಯ ಬಾಗಿಲು ಕಿಟಕಿಗಳನ್ನೆಲ್ಲ ಬೇರೆಯಾಗಿ ಬರೆದಿದ್ದರೂ ಆ ಕಡೆಯವರು ತಮ್ಮನ್ನು ಗುರುತಿಸಿಕೊಂಡರು. ಜಗಳವಾಡಲಿಲ್ಲ, ಒಂದು ಮಾತೂ ಕೇಳಲಿಲ್ಲ. 'ಈ ವರ್ಷ ಮದುವಿ ಮಾಡೋ ವಿಚಾರ ಇಲ್ಲಂತ' ಎಂದು ಮಧ್ಯಸ್ಥರು ಬಂದು ತಿಳಿಸಿದರು. ಅದೇ ವರ್ಷ ಆ ಹುಡುಗನ ಮದುವೆ ಬೇರೆ ಕಡೆ ನಡೆಯಿತು.

ಅತ್ತಿಗೆಯವರು ಬಹಳ ನೊಂದರು. ಹೆಣ್ಣು ಹೆತ್ತವರ ಸಂಕಟವನ್ನು ಚಿತ್ರಕಲೆಯ ಸ್ವಾತಂತ್ರ್ಯದ ಮಾತುಗಳಿಂದ ತಣಿಸಲಾಗದು; ನಾನು ಆ ಪ್ರಯತ್ನಕ್ಕೆ ಹೋಗಲಿಲ್ಲ. ಆದರೆ ಚಿತ್ರವನ್ನು ತೆಗೆಯೆಂದು ನಾನು ಹುಡುಗನಿಗೆ ಹೇಳಲೂ ಇಲ್ಲ. ಅಣ್ಣನವರ ಮಾತನ್ನು ಒಂದಕ್ಷರ ಬಿಡದೆ ತಲುಪಿಸಿದೆ. ಅದರ ಜೊತೆಗೆ ನನ್ನದೊಂದು ಸೂಚನೆಯಿತ್ತೆ. ನಾಲ್ಕೂ ಚೌಕಗಳನ್ನು ಒಂದೇ ಹಾಳೆಯಲ್ಲಿ, ಒಂದರ ಗೆರೆ ಇನ್ನೊಂದಕ್ಕೆ ಹೆಣೆದುಕೊಳ್ಳುವಂತೆ ಬರೆ, ಕತ್ತರಿಸಲು ಬಾರದಂತಾಗಲಿ ಎಂದೆ. ಅವನು ಹಾಗೆಯೇ ಮಾಡಿದ. ಜಮಖಾನವನ್ನೇ ನಾಲ್ಕೂ ಚೌಕಗಳಿಗೆ ಅಡ್ಡಲಾಗಿ ಹಾಸಿಬಿಟ್ಟ. ಕತ್ತರಿಸುವವರು ಅದನ್ನೂ ಕತ್ತರಿಸಿಯಾರು. ಆದರೆ ಅರ್ಧ ಜಮಖಾನ ನೋಡಿದವರಿಗೆ ಉಳಿದರ್ಧ ಎಲ್ಲೋ ಇದೆಯೆಂದಾದರೂ ತೋರೀತು.

'ಬೇರೆಯವರ ಬಗ್ಗೆ ಬರೆಯಲಿ' ಎಂಬ ಮಾತಿಗೆ ಇಲ್ಲಿ ತುಸು ನಿಲ್ಲಬೇಕು. ಈ ಮಾತನ್ನು ನಮ್ಮ ಬಂಧುಗಳೂ ಆಡಿದರು. ನಮ್ಮದು ಕಟಕಿಯನ್ನು ಅರಿಯದ ಪರಂಪರೆಯೇನೂ ಅಲ್ಲ. ಅಂಬಿಗರ ಚೌಡಯ್ಯನವರ ವಚನಗಳನ್ನು ಬಲ್ಲವರಿಗೆ, ಬಿರುನುಡಿ ಎಷ್ಟು ದೂರ ಹೋಗಬಲ್ಲುದೆಂದು ಹೇಳಬೇಕಾಗಿಲ್ಲ. ಇಂದು ಯಾರಾದರೂ ಅಂಥ ಮಾತುಗಳನ್ನು ಹೊಸದಾಗಿ ಬರೆದು ಜಾಲತಾಣದಲ್ಲಿ ಹಾಕಿದರೆ ಸಂಜೆಯೊಳಗೆ ಎರಡು ಪೊಲೀಸ್ ಠಾಣೆಗಳಲ್ಲಿ ದೂರು ದಾಖಲಾದೀತು. ಶರಣರು ಅನ್ಯರ ಡಾಂಭಿಕತೆಯನ್ನು ಜರೆದುದೆಷ್ಟೋ ತಮ್ಮ ಬಳಗದೊಳಗಿನ ಡಾಂಭಿಕತೆಯನ್ನೂ ಅಷ್ಟೇ ಜರೆದರು. ಬಸವಣ್ಣನವರಂತೂ ಎಷ್ಟೋ ವಚನಗಳಲ್ಲಿ ತಪ್ಪಿತಸ್ಥನ ಸ್ಥಾನದಲ್ಲಿ ತಮ್ಮನ್ನೇ ನಿಲ್ಲಿಸಿಕೊಂಡಿದ್ದಾರೆ. ಆದರೆ ಎಂಟು ಶತಮಾನಗಳು ಕಳೆದುವಲ್ಲ! ಅಂದು ಪೆಟ್ಟು ತಿಂದವರು ಯಾರೂ ಇಂದು ನಮ್ಮೆದುರಿಗಿಲ್ಲ. ವಚನವು ನಮ್ಮನ್ನಲ್ಲ, ಬೇರೆ ಯಾರನ್ನೋ ಕುರಿತದ್ದೆಂದು ನಾವು ಭಾವಿಸುತ್ತೇವೆ. ಮಲ್ಲಿಕಾರ್ಜುನ ಮನ್ಸೂರರಂಥವರ ಕಂಠದಲ್ಲಿ ಕೇಳುವಾಗ ರಾಗದ ಸುಖದಲ್ಲಿ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಮನ್ಸೂರರ ದೋಷವಲ್ಲ ಅದು. ಕೇಳಿ ತಲೆದೂಗಿ, ಮರುದಿನ ಕನ್ಯೆ ನೋಡಲು ಹೋಗಿ ಒಳಪಂಗಡ ಕೇಳುವ ಕಿವಿಗಳು ನಮ್ಮವೇ.

ನೋವೆಂಬುದು ಸಮಾಜಕ್ಕೆ ಆಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪಿ.ವಿ. ನಾರಾಯಣರ 'ಧರ್ಮಕಾರಣ' ವಿಡಂಬನೆಯಲ್ಲ, ಕಾದಂಬರಿ. ಅದನ್ನು 1997ರಲ್ಲಿ ಸರ್ಕಾರ ಮುಟ್ಟುಗೋಲು ಹಾಕಿದಾಗ ನಮ್ಮ ಊರಿನ ಸಭೆಯೊಂದರಲ್ಲಿ ನಾನೂ ಕುಳಿತಿದ್ದೆ. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸರ್ಕಾರದ ಆ ಕ್ರಮವನ್ನು ಎತ್ತಿಹಿಡಿಯಿತು. ಶರಣರ ಮನೆಯ ಹೆಣ್ಣುಮಗಳ ಬಗೆಗೆ ಹಗುರಾದ ಮಾತೆಂದರೆ ಭಕ್ತರ ಕರುಳು ಉರಿಯುವುದು ಸಹಜ. ಆ ಸಭೆಯಲ್ಲಿ ಹನ್ನೊಂದು ಮಂದಿ ಮಾತನಾಡಿದರು. ಕೊನೆಯಲ್ಲಿ ವೃದ್ಧ ಶರಣರೊಬ್ಬರು ಎದ್ದು, ಪುಸ್ತಕ ಓದಿದವರು ಕೈ ಎತ್ತಿರೆಂದು ಕೇಳಿದರು. ಎರಡು ಕೈಗಳು ಮೇಲೆದ್ದವು. ಅವೆರಡೂ ಭಾಷಣ ಮಾಡಿದವರ ಕೈಗಳಾಗಿರಲಿಲ್ಲ. ಅಂದು ಪುಸ್ತಕದ ಗತಿ ಏನಿತ್ತೋ ಇಂದು ನಾಲ್ಕನೆಯ ಚೌಕದ ಗತಿಯೂ ಅದೇ. ಪುಸ್ತಕಕ್ಕೆ ಮುನ್ನೂರು ಪುಟಗಳಿರುತ್ತವೆ, ಓದಲು ಪುರುಸೊತ್ತಿಲ್ಲವೆಂದು ನೆಪ ಹೇಳಬಹುದು. ನಾಲ್ಕು ಚೌಕಗಳಿಗೆ ಅರ್ಧ ನಿಮಿಷ ಸಾಕು.

ಈ ವಿಚಾರವನ್ನು ಅಣ್ಣನವರಿಗೆ ನೇರವಾಗಿ ಹೇಳುವ ಸಲಿಗೆ ನನಗಿಲ್ಲ. ಅವರು ನನಗಿಂತ ಹದಿನಾಲ್ಕು ವರ್ಷ ಹಿರಿಯರು. ತಂದೆಯವರು ಲಿಂಗೈಕ್ಯರಾದ ಮೇಲೆ ನಮ್ಮನ್ನು ಓದಿಸಿದವರು. ಶ್ರಾವಣದಲ್ಲಿ ಹುಡುಗ ಊರಿಗೆ ಬಂದವನು ನಮ್ಮ ಮನೆಯಲ್ಲಿ ಇಳಿದ, ಆ ಹೊಸ್ತಿಲನ್ನು ತುಳಿಯಲಿಲ್ಲ. ಹೊಸದಾಗಿ ಬರೆದ ನಾಲ್ಕು ಚೌಕಗಳ ಹಾಳೆಯನ್ನು ದಪ್ಪ ಕಾಗದದ ಮೇಲೆ ದೊಡ್ಡದಾಗಿ ಅಚ್ಚು ಮಾಡಿಸಿ ತಂದಿದ್ದ. ನಾನು ಅದನ್ನು ಅಣ್ಣನವರ ಜಗುಲಿಯ ಮೇಲೆ, ಅವರು ಓದುವ ಪತ್ರಿಕೆಗಳ ಜೊತೆಗಿಟ್ಟು ಬಂದೆ. ಮೂರು ದಿನ ಏನೂ ಇಲ್ಲ. ನಾಲ್ಕನೆಯ ದಿನ ಸಂಜೆ ಕರೆ ಬಂದಿತು. "ಅವನ್ನ ಕರಕೊಂಡ ಬಾ" ಎಂದರು.

ಹುಡುಗ ಕಾಲು ಮುಟ್ಟಿ ನಮಸ್ಕರಿಸಿ ಗೋಡೆಗೆ ಒರಗಿ ನಿಂತ. ಅಣ್ಣನವರು ಕನ್ನಡಕ ಏರಿಸಿ ಹಾಳೆಯನ್ನು ಬೆಳಕಿಗೆ ಹಿಡಿದಿದ್ದರು. ಬಸವಣ್ಣನವರ ಬೆನ್ನಿನ ಮಾತನ್ನು ಅವರು ಎತ್ತಲೇ ಇಲ್ಲ. ಬೆರಳನ್ನು ಎರಡನೆಯ ಚೌಕದ ಮೇಲಿಟ್ಟು, "ಚಹಾ ತರೋ ಹುಡುಗಿಗೆ ಮುಖಾನ ಬರದಿಲ್ಲಲ್ಲೋ?" ಎಂದು ಕೇಳಿದರು.

ನಾನು ಬಗ್ಗಿ ನೋಡಿದೆ. ನಿಜ, ಸೆರಗು, ಬಳೆ, ತಟ್ಟೆ, ಹೆರಳು ಎಲ್ಲವೂ ಇದ್ದವು. ಮುಖದ ಜಾಗದಲ್ಲಿ ಬಿಳಿಯ ಕಾಗದವಷ್ಟೇ.

"ಹಳೇ ಚಿತ್ರದಾಗೂ ಬರದಿರ್ಲಿಲ್ಲ ದೊಡ್ಡಪ್ಪಾ" ಎಂದ ಹುಡುಗ. "ಅಷ್ಟು ಮಂದಿ ನೋಡಿದ್ರು, ಯಾರೂ ಕೇಳ್ಲಿಲ್ಲ."

ಅಣ್ಣನವರು ಬಹಳ ಹೊತ್ತು ಆ ಚೌಕವನ್ನೇ ನೋಡುತ್ತಿದ್ದು, ಹಾಳೆಯನ್ನು ಮಡಚದೆ ಪಕ್ಕದಲ್ಲಿಟ್ಟು, ಒಳಗೆ ಚಹಾ ಇಡಲು ಹೇಳಿದರು.